ಹೇಗ್‌ನ ಒಮ್ಮತಕ್ಕೆ ತೆತ್ತ ಬೆಲೆ

ಬೇರೆ ಬೇರೆ ದೇಶಗಳಿಂದ, ಬೇರೆ ಬೇರೆ ಕಾನೂನು ಪರಂಪರೆಗಳಿಂದ ಬಂದ ಹದಿನೈದು ನ್ಯಾಯಾಧೀಶರು ಒಂದೂ ಭಿನ್ನಮತವಿಲ್ಲದೆ ಒಪ್ಪಿದ ದಾಖಲೆಯನ್ನು ಓದುವಾಗ ಎರಡು ಪ್ರಶ್ನೆಗಳನ್ನು ಜೊತೆಯಲ್ಲೇ ಇಟ್ಟುಕೊಳ್ಳಬೇಕು. ಅವರು ಏನನ್ನು ಒಪ್ಪಿದರು? ಒಪ್ಪುವುದಕ್ಕಾಗಿ ಏನನ್ನು ಹೇಳದೆ ಬಿಟ್ಟರು? ಹೇಗ್‌ನಲ್ಲಿರುವ ಅಂತಾರಾಷ್ಟ್ರೀಯ ನ್ಯಾಯಾಲಯವು 2025ರ ಜುಲೈ 23ರಂದು ಹವಾಮಾನ ಬದಲಾವಣೆಯ ಬಗ್ಗೆ ಕೊಟ್ಟ ಸಲಹಾ ಅಭಿಪ್ರಾಯ ಇಂಥ ಓದನ್ನೇ ಬೇಡುತ್ತದೆ. ಸುಮಾರು ಎಂಟು ದಶಕಗಳ ಇತಿಹಾಸದಲ್ಲಿ ಈ ನ್ಯಾಯಾಲಯ ಸರ್ವಾನುಮತದಿಂದ ಸಲಹಾ ಅಭಿಪ್ರಾಯ ಕೊಟ್ಟದ್ದು ಅದು ಐದನೆಯ ಸಲ. ಅಧ್ಯಕ್ಷ ಯೂಜಿ ಇವಾಸಾವಾ ಅದನ್ನು ಓದಿ ಮುಗಿಸಿದಾಗ ಪುಟ್ಟ ದ್ವೀಪರಾಷ್ಟ್ರಗಳ ಪ್ರತಿನಿಧಿಗಳು ಸಂಭ್ರಮಿಸಿದರು. ಆ ಸಂಭ್ರಮ ನ್ಯಾಯವಾದದ್ದೇ. ಆದರೆ ದ್ವೀಪಗಳು ಕೇಳಿದ್ದೆಷ್ಟು, ದಕ್ಕಿದ್ದೆಷ್ಟು ಎಂಬ ಲೆಕ್ಕವನ್ನು ಸಂಭ್ರಮ ಮುಗಿದ ಮೇಲೆ ಯಾರಾದರೂ ಹಾಕಲೇಬೇಕು.

ಕೇಳಿಕೆ ಹಳೆಯದು. ಹವಾಮಾನ ಒಪ್ಪಂದದ ಮೊದಲ ಕರಡು ತಯಾರಾಗುತ್ತಿದ್ದ 1991ರಲ್ಲೇ ಸಣ್ಣ ದ್ವೀಪರಾಷ್ಟ್ರಗಳ ಕೂಟದ ಪರವಾಗಿ ವನುವಾಟು ಒಂದು ಪ್ರಸ್ತಾಪ ಇಟ್ಟಿತ್ತು. ಸಮುದ್ರ ಮಟ್ಟ ಏರಿ ನೆಲ ಕಳೆದುಕೊಳ್ಳುವ ದೇಶಗಳಿಗೆ ಪರಿಹಾರ ಕೊಡಲು ಒಂದು ಅಂತಾರಾಷ್ಟ್ರೀಯ ವಿಮಾ ನಿಧಿ ಇರಲಿ. ಶ್ರೀಮಂತ ದೇಶಗಳು ತಮ್ಮ ವರಮಾನಕ್ಕೂ ಹೊಗೆಗೂ ತಕ್ಕಂತೆ ಅದಕ್ಕೆ ಕಂತು ಕಟ್ಟಲಿ ಎಂಬುದು ಅದರ ತಿರುಳು. ಪ್ರಸ್ತಾಪ ಒಪ್ಪಂದದೊಳಗೆ ಸೇರಲಿಲ್ಲ. ಒಪ್ಪಂದಕ್ಕೆ ಸೇರುವಾಗ ನೌರು, ಟುವಾಲು, ಕಿರಿಬಾಟಿ, ಫಿಜಿ ಒಂದು ಘೋಷಣೆಯನ್ನು ಜೊತೆಗಿಟ್ಟವು: ಇದಕ್ಕೆ ಸಹಿ ಹಾಕಿದ ಮಾತ್ರಕ್ಕೆ ಹವಾಮಾನ ಬದಲಾವಣೆಯ ಹಾನಿಗೆ ರಾಷ್ಟ್ರಗಳನ್ನು ಹೊಣೆ ಮಾಡುವ ನಮ್ಮ ಹಕ್ಕನ್ನು ಬಿಟ್ಟುಕೊಟ್ಟಂತಲ್ಲ. ರಾಜತಾಂತ್ರಿಕ ಕಡತಗಳ ಮೂಲೆಯಲ್ಲಿ ಬಿದ್ದಿದ್ದ ಈ ಮಾತಿಗೆ ಬೆಲೆ ಬರಲು ಮೂರು ದಶಕ ಹಿಡಿಯಿತು.

ಆ ಮೂರು ದಶಕಗಳಲ್ಲಿ ದ್ವೀಪಗಳು ಬಾಗಿಲು ತಟ್ಟಿದ್ದು ಒಂದೆರಡು ಸಲವಲ್ಲ. ಅಮೆರಿಕ ಮತ್ತು ಆಸ್ಟ್ರೇಲಿಯಾವನ್ನು ಕೋರ್ಟಿಗೆ ಎಳೆಯುತ್ತೇನೆಂದು ಟುವಾಲು 2002ರಲ್ಲಿ ಹೇಳಿತು, ಮೊಕದ್ದಮೆ ಹೂಡಲಿಲ್ಲ. ವಿಶ್ವಸಂಸ್ಥೆಯ ಮೂಲಕ ಹೇಗ್‌ನ ಅಭಿಪ್ರಾಯ ಕೇಳೋಣವೆಂದು ಪಲಾವು 2011ರಲ್ಲಿ ಹೊರಟಿತು. ದೊಡ್ಡ ದೇಶಗಳ ವಿರೋಧದ ಎದುರು ಪ್ರಯತ್ನ ಮುಂದೆ ಸಾಗಲಿಲ್ಲ. ಪ್ಯಾರಿಸ್ ಒಪ್ಪಂದ 2015ರಲ್ಲಿ ‘ನಷ್ಟ ಮತ್ತು ಹಾನಿ’ಗೆ ಒಂದು ವಿಧಿಯನ್ನೇನೋ ಕೊಟ್ಟಿತು. ಆದರೆ ಆ ವಿಧಿ ಹೊಣೆಗಾರಿಕೆಗಾಗಲಿ ಪರಿಹಾರಕ್ಕಾಗಲಿ ಆಧಾರವಾಗದು ಎಂಬ ಷರತ್ತನ್ನು ಜೊತೆಯ ನಿರ್ಣಯದಲ್ಲಿ ಬರೆಸಿಕೊಂಡ ಮೇಲೆಯೇ ಶ್ರೀಮಂತ ದೇಶಗಳು ಸಮಾಧಾನಗೊಂಡವು. ನಷ್ಟ–ಹಾನಿ ನಿಧಿಗೆ 2022ರಲ್ಲಿ ಶರ್ಮ್ ಅಲ್ ಶೇಖ್‌ನಲ್ಲಿ ಒಪ್ಪಿಗೆ ಸಿಕ್ಕಿತು, ವನುವಾಟು ಕೇಳಿದ 31 ವರ್ಷಗಳ ನಂತರ. ಅದಕ್ಕೆ ಬರುವ ಹಣವೂ ಸ್ವಇಚ್ಛೆಯ ದೇಣಿಗೆ. ಜಗತ್ತಿನ ಹಸಿರುಮನೆ ಅನಿಲಗಳಲ್ಲಿ ಸಣ್ಣ ದ್ವೀಪರಾಷ್ಟ್ರಗಳೆಲ್ಲ ಸೇರಿಯೂ ಶೇ 1ನ್ನು ಮುಟ್ಟುವುದಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ನಮ್ಮ ಗಾದೆಗೆ ಇದಕ್ಕಿಂತ ಒಪ್ಪುವ ಉದಾಹರಣೆ ಸಿಗುವುದು ಕಷ್ಟ.

ಈ ಸಲ ಕೇಳಿಕೆ ಸರ್ಕಾರದಿಂದ ಹುಟ್ಟಲಿಲ್ಲ. ವನುವಾಟುವಿನ ರಾಜಧಾನಿ ಪೋರ್ಟ್ ವಿಲಾದಲ್ಲಿರುವ ದಕ್ಷಿಣ ಪೆಸಿಫಿಕ್ ವಿಶ್ವವಿದ್ಯಾಲಯದ ಕ್ಯಾಂಪಸ್ಸಿನಲ್ಲಿ ಕಾನೂನು ಓದುತ್ತಿದ್ದ 27 ವಿದ್ಯಾರ್ಥಿಗಳು 2019ರಲ್ಲಿ ಸಂಘ ಕಟ್ಟಿಕೊಂಡು ಪೆಸಿಫಿಕ್ ದ್ವೀಪಗಳ ಸರ್ಕಾರಗಳಿಗೆ ಪತ್ರ ಬರೆದರು. ವನುವಾಟು ಕೈಹಿಡಿಯಿತು. 2023ರ ಮಾರ್ಚ್ 29ರಂದು ವಿಶ್ವಸಂಸ್ಥೆಯ ಮಹಾಸಭೆ 77/276 ಸಂಖ್ಯೆಯ ನಿರ್ಣಯವನ್ನು ಮತಕ್ಕೆ ಹಾಕುವ ಅಗತ್ಯವೇ ಬೀಳದೆ ಅಂಗೀಕರಿಸಿತು. 132 ದೇಶಗಳು ಸಹಪ್ರಾಯೋಜಕರಾಗಿದ್ದವು. ಅದೇ ತಿಂಗಳ ಆರಂಭದಲ್ಲಿ ಜೂಡಿ ಮತ್ತು ಕೆವಿನ್ ಎಂಬ ಎರಡು ಚಂಡಮಾರುತಗಳು ಒಂದರ ಬೆನ್ನಿಗೊಂದು ವನುವಾಟುವನ್ನು ಅಪ್ಪಳಿಸಿದ್ದವು. ನ್ಯಾಯಾಲಯದ ಮುಂದಿಟ್ಟ ಪ್ರಶ್ನೆಗಳು ಎರಡು. ಹವಾಮಾನ ವ್ಯವಸ್ಥೆಯನ್ನು ಕಾಪಾಡಲು ರಾಷ್ಟ್ರಗಳಿಗಿರುವ ಕಾನೂನು ಕರ್ತವ್ಯಗಳೇನು? ಆ ಕರ್ತವ್ಯ ಮೀರಿ ಗಂಭೀರ ಹಾನಿ ಮಾಡಿದವರಿಗೆ, ಮುಖ್ಯವಾಗಿ ಸಣ್ಣ ದ್ವೀಪರಾಷ್ಟ್ರಗಳ ವಿಷಯದಲ್ಲಿ ಮತ್ತು ಇಂದಿನ ಹಾಗೂ ಮುಂದಿನ ಪೀಳಿಗೆಯ ಜನರ ವಿಷಯದಲ್ಲಿ, ಕಾನೂನಿನ ಪರಿಣಾಮವೇನು? 2024ರ ಡಿಸೆಂಬರ್‌ನಲ್ಲಿ ಎರಡು ವಾರ ನಡೆದ ವಿಚಾರಣೆಯಲ್ಲಿ 96 ದೇಶಗಳೂ 11 ಅಂತಾರಾಷ್ಟ್ರೀಯ ಸಂಸ್ಥೆಗಳೂ ವಾದ ಮಂಡಿಸಿದವು. ಈ ನ್ಯಾಯಾಲಯ ಅಷ್ಟು ದೊಡ್ಡ ವಿಚಾರಣೆಯನ್ನು ಹಿಂದೆಂದೂ ಕಂಡಿರಲಿಲ್ಲ.

ಮೊದಲ ಪ್ರಶ್ನೆಗೆ ಕೊಟ್ಟ ಉತ್ತರ ಈ ಅಭಿಪ್ರಾಯದ ಅತಿ ಗಟ್ಟಿಯಾದ ಭಾಗ. ಹೆಚ್ಚು ಹೊಗೆಯುಗುಳುವ ದೇಶಗಳು ಇಷ್ಟು ವರ್ಷ ನುಣುಚಿಕೊಳ್ಳುತ್ತಿದ್ದ ದಾರಿಗಳನ್ನು ಅದು ಒಂದೊಂದಾಗಿ ಮುಚ್ಚಿತು. ಅಮೆರಿಕ, ಬ್ರಿಟನ್, ಚೀನಾ, ಸೌದಿ ಅರೇಬಿಯಾಗಳು ಒಂದಲ್ಲ ಒಂದು ಬಗೆಯಲ್ಲಿ ಹಿಡಿದುಕೊಂಡಿದ್ದ ವಾದ ಇದು: ಹವಾಮಾನಕ್ಕೆಂದೇ ವಿಶೇಷ ಒಪ್ಪಂದಗಳಿವೆ, ಅವುಗಳ ಆಚೆಗಿನ ಸಾಮಾನ್ಯ ಕಾನೂನನ್ನು ಇಲ್ಲಿ ತರಬೇಡಿ. ನ್ಯಾಯಾಲಯ ಇದನ್ನು ಒಪ್ಪಲಿಲ್ಲ. ಒಪ್ಪಂದಗಳೂ ಇವೆ, ಅವುಗಳ ಜೊತೆಗೆ ಮತ್ತೊಂದು ದೇಶದ ಪರಿಸರಕ್ಕೆ ಗಂಭೀರ ಹಾನಿಯಾಗದಂತೆ ನೋಡಿಕೊಳ್ಳುವ ರೂಢಿಗತ ಕರ್ತವ್ಯವೂ ಇದೆ, ಮಾನವ ಹಕ್ಕುಗಳ ಕಾನೂನೂ ಸಮುದ್ರ ಕಾನೂನೂ ಇವೆ. ಎಲ್ಲವೂ ಒಟ್ಟಿಗೆ ಅನ್ವಯಿಸುತ್ತವೆ ಎಂದಿತು. ಒಪ್ಪಂದದಿಂದ ಹೊರನಡೆದವರೂ ರೂಢಿಗತ ಕಾನೂನಿನಿಂದ ಹೊರನಡೆಯಲಾರರು. ಪ್ಯಾರಿಸ್ ಒಪ್ಪಂದದಿಂದ ಹೊರಬೀಳುವುದಾಗಿ ಅಮೆರಿಕ 2025ರ ಜನವರಿಯಲ್ಲಿ ನೋಟಿಸು ಕೊಟ್ಟಿದ್ದ ಹೊತ್ತಿನಲ್ಲಿ ಈ ಮಾತು ಬಂತು. ನೌರು, ಟುವಾಲುಗಳು ತೊಂಬತ್ತರ ದಶಕದಲ್ಲಿ ಬರೆದಿಟ್ಟ ಘೋಷಣೆಯ ನಿಲುವು ಕಡೆಗೂ ಗೆದ್ದಿತು.

ಎರಡನೆಯ ದಾರಿ ಪ್ಯಾರಿಸ್ ಒಪ್ಪಂದದ ಒಳಗೇ ಇತ್ತು. ಪ್ರತಿ ದೇಶವೂ ತಾನೇ ನಿರ್ಧರಿಸಿಕೊಳ್ಳುವ ಗುರಿ ಎಂದರೆ ಮನಬಂದಷ್ಟು ಗುರಿ ಎಂದು ಓದಲಾಗುತ್ತಿತ್ತು. ಹಾಗಲ್ಲ, ತಾಪಮಾನದ ಏರಿಕೆಯನ್ನು 1.5 ಡಿಗ್ರಿಗೆ ತಡೆಯುವ ಉದ್ದೇಶಕ್ಕೆ ತಕ್ಕಂತೆ, ತನ್ನಿಂದಾಗುವ ಅತಿ ಹೆಚ್ಚಿನ ಗುರಿಯನ್ನೇ ಇಟ್ಟುಕೊಳ್ಳಬೇಕು, ಅದನ್ನು ಕಟ್ಟುನಿಟ್ಟಾದ ಜಾಗರೂಕತೆಯಿಂದ ಅಳೆಯಬಹುದು ಎಂದಿತು ನ್ಯಾಯಾಲಯ. ಈ 1.5ರ ಅಂಕಿಗೆ ದ್ವೀಪಗಳು ಪಟ್ಟ ಪಾಡನ್ನು ನೆನೆಯಬೇಕು. ಕೋಪನ್‌ಹೇಗನ್‌ನಲ್ಲಿ 2009ರಲ್ಲಿ ಅವು ಅದಕ್ಕಾಗಿ ಅಂಗಲಾಚಿದಾಗ ದೊಡ್ಡವರು 2 ಡಿಗ್ರಿಯಿಂದ ಕದಲಿರಲಿಲ್ಲ. ಪ್ಯಾರಿಸ್‌ನಲ್ಲಿ ಅದು ‘ಪ್ರಯತ್ನಿಸೋಣ’ ಎಂಬ ಮಾತಿನ ಜೊತೆ ಒಳಬಂತು. ಹೇಗ್ ಅದನ್ನೇ ಈಗ ಮುಖ್ಯ ಗುರಿ ಎಂದು ಓದಿದೆ.

ಮೂರನೆಯದು ಕಂಪನಿಗಳ ಮರೆ. ಎಣ್ಣೆ ತೆಗೆಯುವುದು ಖಾಸಗಿಯವರು, ಸರ್ಕಾರಕ್ಕೇನು ಸಂಬಂಧ ಎಂಬ ಪ್ರಶ್ನೆಗೆ ನ್ಯಾಯಾಲಯದ ಉತ್ತರ ನೇರವಾಗಿದೆ. ಪಳೆಯುಳಿಕೆ ಇಂಧನದ ಉತ್ಪಾದನೆ, ಬಳಕೆ, ಹುಡುಕಾಟಕ್ಕೆ ಪರವಾನಗಿ, ಸಬ್ಸಿಡಿ ಇವುಗಳ ವಿಷಯದಲ್ಲಿ ತಕ್ಕ ಕ್ರಮ ಕೈಗೊಳ್ಳದ ಸರ್ಕಾರದ ವರ್ತನೆ ಅಂತಾರಾಷ್ಟ್ರೀಯ ತಪ್ಪಾಗಬಹುದು. ಹವಾಮಾನ ಸಮಾವೇಶಗಳ ಅಂತಿಮ ಪಠ್ಯದಲ್ಲಿ ಈ ಇಂಧನಗಳಿಂದ ದೂರ ಸರಿಯುವ ಮಾತನ್ನು ಬರೆಸಲು 28 ಸಮಾವೇಶಗಳು ಬೇಕಾದವು. ಅಭಿಪ್ರಾಯ ಬಂದು ನಾಲ್ಕು ತಿಂಗಳಿಗೆ ಬ್ರೆಜಿಲ್‌ನ ಬೆಲೆಮ್‌ನಲ್ಲಿ ನಡೆದ 30ನೆಯ ಸಮಾವೇಶದ ಪ್ರಧಾನ ನಿರ್ಣಯ ಮತ್ತೆ ಅವುಗಳ ಹೆಸರೆತ್ತದೆ ಮುಗಿಯಿತು. ಸಂಧಾನದ ಮೇಜು ಹೇಳಲಾರದ್ದನ್ನು ನ್ಯಾಯಪೀಠ ಹೇಳಿತು ಎಂಬುದೇ ಅಭಿಪ್ರಾಯದ ಈ ಭಾಗದ ಹೆಚ್ಚುಗಾರಿಕೆ. ಭಾರತದ ದಲ್ವೀರ್ ಭಂಡಾರಿ ಮತ್ತು ಅಮೆರಿಕದ ಸಾರಾ ಕ್ಲೀವ್‌ಲ್ಯಾಂಡ್ ಈ ವಿಷಯದಲ್ಲಿ ಇನ್ನೂ ಒಂದು ಹೆಜ್ಜೆ ಮುಂದಿಡಬೇಕಿತ್ತೆಂದು ಜಂಟಿ ಟಿಪ್ಪಣಿ ಬರೆದಿದ್ದಾರೆ.

ದ್ವೀಪಗಳ ಅಸ್ತಿತ್ವದ ಪ್ರಶ್ನೆಗೆ ಬಂದಾಗ ದನಿ ಬದಲಾಗುತ್ತದೆ. 1933ರ ಮೊಂಟೆವಿಡಿಯೊ ಒಪ್ಪಂದದ ಪ್ರಕಾರ ರಾಷ್ಟ್ರವೆನ್ನಲು ಶಾಶ್ವತ ಜನವಸತಿ, ಗೊತ್ತಾದ ನೆಲ, ಸರ್ಕಾರ, ಬೇರೆ ದೇಶಗಳೊಡನೆ ವ್ಯವಹರಿಸುವ ಶಕ್ತಿ ಬೇಕು. ನೆಲವೇ ಮುಳುಗಿದರೆ? ಒಮ್ಮೆ ಸ್ಥಾಪನೆಯಾದ ರಾಷ್ಟ್ರ ತನ್ನ ಘಟಕಗಳಲ್ಲೊಂದನ್ನು ಕಳೆದುಕೊಂಡ ಮಾತ್ರಕ್ಕೆ ರಾಷ್ಟ್ರತ್ವವನ್ನೇ ಕಳೆದುಕೊಳ್ಳಲೇಬೇಕೆಂದಿಲ್ಲ ಎಂದಷ್ಟೇ ನ್ಯಾಯಾಲಯ ಹೇಳುತ್ತದೆ. ಕಳೆದುಕೊಳ್ಳುವುದಿಲ್ಲ ಎಂದು ಖಚಿತವಾಗಿ ಹೇಳುವುದಿಲ್ಲ. ಕರಾವಳಿ ಹಿಂದೆ ಸರಿದರೂ ಒಮ್ಮೆ ಗೊತ್ತುಮಾಡಿದ ಸಮುದ್ರ ಗಡಿಯ ನಕ್ಷೆಗಳನ್ನು ತಿದ್ದಬೇಕಿಲ್ಲ ಎಂಬ ಮಾತು ಇದಕ್ಕಿಂತ ಸ್ಪಷ್ಟ. ಮೀನಿನ ಆದಾಯದಿಂದ ಸರ್ಕಾರ ನಡೆಸುವ ಕಿರಿಬಾಟಿ, ಟುವಾಲುಗಳ ಮಟ್ಟಿಗೆ ಅದು ಜೀವನಾಧಾರದ ಮಾತು. ಪೆಸಿಫಿಕ್ ನಾಯಕರು 2021ರ ಘೋಷಣೆಯಲ್ಲಿ ಹಿಡಿದ ನಿಲುವಿಗೆ ಇದು ಮುದ್ರೆಯೊತ್ತಿತು. ರಾಷ್ಟ್ರತ್ವದ ಬಗ್ಗೆ ಮಾತ್ರ ಟುವಾಲು ನ್ಯಾಯಾಲಯಕ್ಕಾಗಿ ಕಾಯಲಿಲ್ಲ. ಆಸ್ಟ್ರೇಲಿಯಾದೊಂದಿಗೆ ಮಾಡಿಕೊಂಡು 2024ರಲ್ಲಿ ಜಾರಿಗೆ ಬಂದ ಫಲೆಪಿಲಿ ಒಪ್ಪಂದದಲ್ಲಿ, ನೆಲ ಹೋದರೂ ತನ್ನ ರಾಷ್ಟ್ರತ್ವ ಮುಂದುವರಿಯುತ್ತದೆಂದು ಬರೆಸಿಕೊಂಡಿದೆ. ಅದಕ್ಕೆ ಪ್ರತಿಯಾಗಿ ಬೇರೆ ದೇಶಗಳೊಡನೆ ತನ್ನ ಭದ್ರತಾ ವ್ಯವಹಾರಗಳಿಗೆ ಆಸ್ಟ್ರೇಲಿಯಾದ ಒಪ್ಪಿಗೆ ಬೇಕೆಂಬುದನ್ನು ಒಪ್ಪಿಕೊಂಡಿದೆ. ವರ್ಷಕ್ಕೆ 280 ಮಂದಿಗೆ ಆಸ್ಟ್ರೇಲಿಯಾಕ್ಕೆ ವಲಸೆಯ ಅವಕಾಶ ಕೊಡುವ ಇದೇ ಒಪ್ಪಂದದ ಮೊದಲ ಲಾಟರಿಗೆ ದೇಶದ ಬಹುಪಾಲು ಜನ ಹೆಸರು ಬರೆಸಿದರು. ನ್ಯಾಯಪೀಠ ಅರ್ಧ ಹೇಳಿದ್ದನ್ನು ದುರ್ಬಲರು ಚೌಕಾಸಿ ಮಾಡಿ ಕೊಂಡುಕೊಳ್ಳಬೇಕಾಗುತ್ತದೆ.

ಒಮ್ಮತದ ಬೆಲೆ ಎದ್ದು ಕಾಣುವುದು ಎರಡನೆಯ ಪ್ರಶ್ನೆಯ ಉತ್ತರದಲ್ಲಿ. ಮಹಾಸಭೆ ಸಣ್ಣ ದ್ವೀಪರಾಷ್ಟ್ರಗಳ ಹೆಸರು ಹೇಳಿಯೇ ಕೇಳಿತ್ತು. ಹಾನಿಗೊಂಡ ರಾಷ್ಟ್ರ ಯಾವ ವರ್ಗದ್ದೆಂಬುದರ ಮೇಲೆ ಹೊಣೆಗಾರಿಕೆಯ ನಿಯಮಗಳು ಬದಲಾಗುವುದಿಲ್ಲ. ವಿಶೇಷವಾಗಿ ನೊಂದವರಿಗೂ ಉಳಿದವರಿಗಿರುವ ಪರಿಹಾರಗಳೇ ಇವೆ ಎಂದು ನ್ಯಾಯಾಲಯ ಉತ್ತರಿಸಿತು. ಕಾನೂನಿನ ಸಮಾನತೆಯ ದೃಷ್ಟಿಯಿಂದ ಇದರಲ್ಲಿ ತಪ್ಪು ಹುಡುಕುವುದು ಕಷ್ಟ. ಆದರೆ ಮೂವತ್ತು ವರ್ಷ ತಮ್ಮ ಸ್ಥಿತಿ ಬೇರೆಯವರದರಂತಲ್ಲ ಎಂದು ವಾದಿಸಿದವರಿಗೆ ಸಿಕ್ಕ ಉತ್ತರ, ನೀವೂ ಎಲ್ಲರಂತೆ ಸಾಲಿನಲ್ಲಿ ನಿಲ್ಲಿ ಎಂಬುದು.

ಸಾಲಿನಲ್ಲಿ ನಿಂತವರು ಏನನ್ನು ತೋರಿಸಬೇಕು? ತಪ್ಪಿಗೂ ಹಾನಿಗೂ ನಡುವೆ ಸಾಕಷ್ಟು ನೇರವಾದ, ಖಚಿತವಾದ ಸಂಬಂಧವನ್ನು. 2015ರ ಮಾರ್ಚ್‌ನಲ್ಲಿ ಪ್ಯಾಮ್ ಚಂಡಮಾರುತ ವನುವಾಟುವಿನ ಜಿಡಿಪಿಯ ಸುಮಾರು ಶೇ 64ರಷ್ಟು ನಷ್ಟ ಮಾಡಿತು. ಆ ಚಂಡಮಾರುತದ ಬಲದಲ್ಲಿ ಮನುಷ್ಯಕೃತ ತಾಪಮಾನ ಏರಿಕೆಯ ಪಾಲೆಷ್ಟು, ಆ ಪಾಲಿನಲ್ಲಿ ಇಂಥ ದೇಶದ ಹೊಗೆಯ ಪಾಲೆಷ್ಟು ಎಂಬ ಎರಡು ಮೆಟ್ಟಿಲನ್ನೂ ಪ್ರತಿ ಪ್ರಕರಣದಲ್ಲಿ ಬೇರೆಬೇರೆಯಾಗಿ ಹತ್ತಬೇಕು. ಕಷ್ಟ, ಆದರೆ ಅಸಾಧ್ಯವಲ್ಲ ಎನ್ನುತ್ತದೆ ನ್ಯಾಯಾಲಯ. ‘ನಮ್ಮೊಬ್ಬರಿಂದ ಆದದ್ದೆಂದು ಹೇಗೆ ಹೇಳುತ್ತೀರಿ’ ಎಂಬ ನೆಪ ಇನ್ನು ನಡೆಯದೆಂಬುದು ಸಣ್ಣ ಗೆಲುವೇನಲ್ಲ. ಆದರೆ ಹತ್ತುವವರಿಗೆ ಕೈಯಾಸರೆಯಾಗಿ ಒಂದು ಅಳತೆಗೋಲನ್ನೂ ಕೊಟ್ಟಿಲ್ಲ. ಯಾವ ವರ್ಷದಿಂದಾಚೆಗಿನ ಹೊಗೆ ತಪ್ಪಿನ ಲೆಕ್ಕಕ್ಕೆ ಬರುತ್ತದೆ ಎಂಬ ಪ್ರಶ್ನೆ ಇತಿಹಾಸದ ಹೊಣೆಯ ಕೇಂದ್ರದಲ್ಲಿದೆ. ಹೊಗೆಯ ಪರಿಣಾಮ ಶ್ರೀಮಂತ ದೇಶಗಳಿಗೆ ದಶಕಗಳ ಹಿಂದೆಯೇ ಗೊತ್ತಿತ್ತೆಂದು ದ್ವೀಪಗಳು ಪುರಾವೆಗಳ ಸಮೇತ ವಾದಿಸಿದ್ದವು. ಅದನ್ನೂ ಆಯಾ ಪ್ರಕರಣದಲ್ಲಿ ನೋಡಿಕೊಳ್ಳೋಣ ಎಂದು ಪಕ್ಕಕ್ಕಿಡಲಾಯಿತು.

ಹೀಗೆ ಬಿಡದಿದ್ದರೆ ಏನಾಗುತ್ತಿತ್ತು ಎಂಬುದಕ್ಕೆ ಇದೇ ಪೀಠದ 1996ರ ಅಣ್ವಸ್ತ್ರ ಅಭಿಪ್ರಾಯ ಇದೆ. ಅಲ್ಲಿ ಕಠಿಣ ಪ್ರಶ್ನೆಯನ್ನು ಎದುರಿಸಹೋಗಿ ಮತ ಏಳಕ್ಕೆ ಏಳಾಗಿ ಒಡೆಯಿತು. ಅಧ್ಯಕ್ಷರ ನಿರ್ಣಾಯಕ ಮತದಿಂದ ಬಂದ ಉತ್ತರವೂ, ದೇಶದ ಉಳಿವೇ ಪ್ರಶ್ನೆಯಾದಾಗ ಅಣ್ವಸ್ತ್ರ ಬಳಸಬಹುದೋ ಇಲ್ಲವೋ ಹೇಳಲಾರೆವು ಎಂಬಲ್ಲಿ ನಿಂತಿತು. ಆ ಒಡಕನ್ನು ಅಣ್ವಸ್ತ್ರ ದೇಶಗಳು ಇಂದಿಗೂ ಬಳಸಿಕೊಳ್ಳುತ್ತವೆ. 2025ರ ಪೀಠ ಆ ಪಾಠ ಕಲಿತಿದೆ ಎನಿಸುತ್ತದೆ. ಒಗ್ಗಟ್ಟಿನಿಂದ ಹೇಳಬಹುದಾದ ತತ್ತ್ವವನ್ನೆಲ್ಲ ಗಟ್ಟಿಯಾಗಿ ಹೇಳಿ, ಒಡಕು ತರುವ ಅಳತೆಯನ್ನು ಮುಂದಿನ ಮೊಕದ್ದಮೆಗಳಿಗೆ ಬಿಟ್ಟಿತು. ನ್ಯಾಯಾಂಗದ ಜಾಣತನವೆಂದು ಇದನ್ನು ಮೆಚ್ಚಬಹುದು. ಆ ಮುಂದಿನ ಮೊಕದ್ದಮೆ ನಡೆಯುವುದಾದರೆ ಮಾತ್ರ.

ನಡೆಯುತ್ತದೆಯೇ? ಹೇಗ್‌ನಲ್ಲಿ ಒಂದು ದೇಶ ಇನ್ನೊಂದರ ಮೇಲೆ ದಾವೆ ಹೂಡಬೇಕಾದರೆ ಎದುರಾಳಿಯೂ ನ್ಯಾಯಾಲಯದ ಅಧಿಕಾರವನ್ನು ಒಪ್ಪಿರಬೇಕು. ಅಮೆರಿಕ ತನ್ನ ಒಪ್ಪಿಗೆಯನ್ನು ಎಂಬತ್ತರ ದಶಕದಲ್ಲೇ ಹಿಂತೆಗೆದುಕೊಂಡಿತು. ಚೀನಾ, ರಷ್ಯಾಗಳ ಒಪ್ಪಿಗೆ ಇಲ್ಲ. ಬ್ರಿಟನ್ ಮತ್ತು ಭಾರತ ಒಪ್ಪಿವೆಯಾದರೂ ಕಾಮನ್‌ವೆಲ್ತ್ ದೇಶಗಳೊಂದಿಗಿನ ವ್ಯಾಜ್ಯಗಳನ್ನು ಹೊರಗಿಟ್ಟಿವೆ. ವನುವಾಟು, ಟುವಾಲು, ಕಿರಿಬಾಟಿ, ಮಾಲ್ಡೀವ್ಸ್ ಎಲ್ಲವೂ ಕಾಮನ್‌ವೆಲ್ತ್‌ನವು. ಆ ಕೂಟಕ್ಕೆ ಸೇರದ ಮಾರ್ಷಲ್ ದ್ವೀಪಗಳು 2014ರಲ್ಲಿ ಅಣ್ವಸ್ತ್ರ ನಿಶ್ಶಸ್ತ್ರೀಕರಣದ ವಿಷಯದಲ್ಲಿ ಭಾರತ, ಪಾಕಿಸ್ತಾನ, ಬ್ರಿಟನ್‌ಗಳ ಮೇಲೆ ದಾವೆ ಹೂಡಿದಾಗ, ನಿಮ್ಮ ನಡುವೆ ವ್ಯಾಜ್ಯವೇ ಇಲ್ಲ ಎಂದು 2016ರಲ್ಲಿ ನ್ಯಾಯಾಲಯ ಬಾಗಿಲಲ್ಲೇ ತಡೆಯಿತು. ಹಾಗಾಗಿ ‘ಆಯಾ ಪ್ರಕರಣದಲ್ಲಿ ನೋಡಿಕೊಳ್ಳೋಣ’ ಎಂಬ ಮಾತು ದ್ವೀಪಗಳ ಕಿವಿಗೆ ಭರವಸೆಯಾಗಿ ಮಾತ್ರ ಕೇಳಿಸಲಾರದು. ಅಭಿಪ್ರಾಯದ ನಿಜವಾದ ಕೊರತೆ ಇಲ್ಲಿದೆ. ಪ್ರಕರಣಗಳಿಗೆ ಬಿಟ್ಟದ್ದೆಲ್ಲ ಪ್ರಕರಣವೇ ಆಗಲಾರದ ಕಡೆ ಬಿದ್ದಿದೆ.

ಹಾಗೆಂದು ಇದನ್ನು ಹಲ್ಲಿಲ್ಲದ ಕಾಗದ ಎನ್ನುವವರ ಮಾತನ್ನೂ ಒಪ್ಪಲಾಗದು. ಅವರು ಷಾಗೋಸ್ ದ್ವೀಪಗಳ ಕಥೆ ನೋಡಬೇಕು. ಅವುಗಳನ್ನು ಬ್ರಿಟನ್ ಮಾರಿಷಸ್‌ಗೆ ಬಿಟ್ಟುಕೊಡಬೇಕೆಂದು ಇದೇ ನ್ಯಾಯಾಲಯ 2019ರಲ್ಲಿ ಸಲಹೆ ಕೊಟ್ಟಾಗ, ಸಲಹೆ ಬಂಧಕವಲ್ಲ ಎಂದು ಬ್ರಿಟನ್ ತಳ್ಳಿಹಾಕಿತು. ಎರಡು ವರ್ಷದ ನಂತರ ಮಾರಿಷಸ್–ಮಾಲ್ಡೀವ್ಸ್ ಗಡಿ ವ್ಯಾಜ್ಯದಲ್ಲಿ ಹ್ಯಾಂಬರ್ಗ್‌ನ ಸಮುದ್ರ ಕಾನೂನು ನ್ಯಾಯಮಂಡಳಿಯ ವಿಶೇಷ ಪೀಠ ಆ ಸಲಹೆಗೆ ಕಾನೂನಿನ ಬಲವಿದೆ ಎಂದು ತೀರ್ಮಾನಿಸಿತು. 2025ರ ಮೇ ತಿಂಗಳಲ್ಲಿ ಬ್ರಿಟನ್ ದ್ವೀಪಗಳನ್ನು ಒಪ್ಪಿಸುವ ಒಪ್ಪಂದಕ್ಕೆ ಸಹಿ ಹಾಕಿತು. ಒಂದು ಪೀಠದ ಸಲಹೆ ಇನ್ನೊಂದು ಪೀಠದ ತೀರ್ಪಿನಲ್ಲಿ ಬಲ ಪಡೆಯುತ್ತದೆ ಎಂಬುದು ಇದರ ಪಾಠ.

ಅದೇ ಹ್ಯಾಂಬರ್ಗ್‌ನಲ್ಲಿ 2024ರ ಮೇ 21ರಂದು ಇನ್ನೊಂದು ಸರ್ವಾನುಮತದ ಅಭಿಪ್ರಾಯ ಬಂದಿತ್ತು. ಆಂಟಿಗುವಾ–ಬಾರ್ಬುಡಾ ಮತ್ತು ಟುವಾಲು ಸೇರಿ 2021ರಲ್ಲಿ ಕಟ್ಟಿದ ದ್ವೀಪರಾಷ್ಟ್ರಗಳ ಆಯೋಗ ಕೇಳಿದ ಪ್ರಶ್ನೆಗೆ ಉತ್ತರವಾಗಿ, ಹಸಿರುಮನೆ ಅನಿಲಗಳು ಸಮುದ್ರ ಮಾಲಿನ್ಯವೇ ಎಂದು ಆ ಮಂಡಳಿ ಹೇಳಿತು. ಪತ್ರಿಕೆಗಳಲ್ಲಿ ಅದಕ್ಕೆ ಹೇಗ್‌ನಷ್ಟು ಜಾಗ ಸಿಗಲಿಲ್ಲ. ಆದರೆ ಕಾರ್ಯಸಾಧ್ಯತೆಯಲ್ಲಿ ಅದೇ ಹೆಚ್ಚು ತೂಕದ್ದು. ಸಮುದ್ರ ಕಾನೂನು ಒಪ್ಪಂದಕ್ಕೆ ಸೇರಿದ ದೇಶವನ್ನು ಅನೇಕ ವಿಷಯಗಳಲ್ಲಿ ಅದರ ಪ್ರತ್ಯೇಕ ಒಪ್ಪಿಗೆ ಕೇಳದೆಯೇ ಪಂಚಾಯ್ತಿಗೆ ಕರೆಯಬಹುದು. ಕೇರಳ ಕರಾವಳಿಯಾಚೆ ಮೀನುಗಾರರನ್ನು ಕೊಂದ ಇಟಲಿಯ ನೌಕಾ ಸೈನಿಕರ ಪ್ರಕರಣದಲ್ಲಿ ಭಾರತ ಆ ಪಂಚಾಯ್ತಿಯ ಮುಂದೆ ಹೋಗಬೇಕಾಗಿ ಬಂದದ್ದು ನಮಗೆ ನೆನಪಿದೆ. ಚೀನಾ, ಭಾರತ, ಬ್ರಿಟನ್, ಆಸ್ಟ್ರೇಲಿಯಾ ಎಲ್ಲವೂ ಆ ಒಪ್ಪಂದದಲ್ಲಿವೆ, ಅಮೆರಿಕ ಇಲ್ಲ. ಹೇಗ್ ಹೇಳಿದ ತತ್ತ್ವ, ಹ್ಯಾಂಬರ್ಗ್ ತೆರೆದ ಬಾಗಿಲು ಇವೆರಡನ್ನೂ ಸೇರಿಸಿ ಓದಿದಾಗಲೇ ದ್ವೀಪಗಳ ಕೈಗೆ ಆಯುಧ ಬಂದಂತೆ.

ಭಾರತದ ಓದುಗರಿಗೆ ಈ ಅಭಿಪ್ರಾಯ ಮುಜುಗರ ತರಬೇಕು. ಹೇಗ್‌ನಲ್ಲಿ ನಮ್ಮ ಪ್ರತಿನಿಧಿ ಮಾಡಿದ ವಾದದಲ್ಲಿ ಎರಡು ದನಿಗಳಿದ್ದವು. ವಾತಾವರಣವನ್ನು ಕೆಡಿಸುವುದರಲ್ಲಿ ಪಾಲು ಸಮನಾಗಿರದಿದ್ದರೆ ಹೊಣೆಯೂ ಸಮನಾಗಿರಕೂಡದು ಎಂಬುದು ಒಂದು; ಇದು ದ್ವೀಪಗಳ ಮಾತೇ. ಈಗಿರುವ ಹವಾಮಾನ ಒಪ್ಪಂದಗಳಾಚೆ ಹೊಸ ಕರ್ತವ್ಯಗಳನ್ನು ಹೇರಬೇಡಿ ಎಂಬುದು ಇನ್ನೊಂದು. ಇದು ಶ್ರೀಮಂತರ ಮಾತು. ನಮ್ಮ ತಲಾ ಹೊಗೆ ಜಾಗತಿಕ ಸರಾಸರಿಗಿಂತ ಕಡಿಮೆಯಾದರೂ ಒಟ್ಟು ಹೊಗೆಯಲ್ಲಿ ನಾವು ಮೂರನೆಯವರು. ನ್ಯಾಯಾಲಯ ಸಾಮಾನ್ಯ ಆದರೆ ವಿಭಿನ್ನ ಹೊಣೆಯ ತತ್ತ್ವವನ್ನು ಎತ್ತಿಹಿಡಿಯಿತು, ಜೊತೆಗೆ ಅಭಿವೃದ್ಧಿಶೀಲ ಎಂಬ ಪಟ್ಟ ಶಾಶ್ವತವಲ್ಲ ಎಂದೂ ಸೇರಿಸಿತು. ದೆಹಲಿಗೆ ಮೊದಲಿನದು ಹಿತವೆನಿಸಿದರೆ ಎರಡನೆಯದು ಎಚ್ಚರಿಕೆ.

ಇನ್ನೊಂದು ಮಿತಿ ನ್ಯಾಯಾಲಯದ್ದಲ್ಲ, ಈ ಇಡೀ ಕಾನೂನಿನದು. ಅದಕ್ಕೆ ಕೇಳಿಸುವುದು ರಾಷ್ಟ್ರಗಳ ದನಿ. ಲಕ್ಷದ್ವೀಪದ ಹವಳದ ದಿಬ್ಬಗಳು ಮಾಲ್ಡೀವ್ಸ್‌ನವುಗಳಷ್ಟೇ ತಗ್ಗಿನವು. ಅದರ ಅಮಿನಿ, ಕಿಲ್ತಾನ್ ಮೊದಲಾದ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತದಲ್ಲಿದ್ದವು. ಅಲ್ಲಿನವರಿಗೆ ತಮ್ಮದೇ ಆದ ರಾಷ್ಟ್ರವಿಲ್ಲದ ಕಾರಣ ಹೇಗ್‌ನಲ್ಲಿ ಕುರ್ಚಿಯೂ ಇಲ್ಲ. ಆಸ್ಟ್ರೇಲಿಯಾದ ಟಾರಸ್ ಜಲಸಂಧಿಯ ದ್ವೀಪವಾಸಿಗಳಿಗೂ ಇರಲಿಲ್ಲ. ಆದರೆ ಅವರು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿಗೆ ದೂರು ಕೊಟ್ಟು, ತಮ್ಮನ್ನು ರಕ್ಷಿಸಲು ಸರ್ಕಾರ ವಿಫಲವಾಗಿದೆ ಎಂಬ ತೀರ್ಮಾನವನ್ನು 2022ರಲ್ಲಿ ಪಡೆದರು. ವೈಯಕ್ತಿಕ ದೂರಿಗೆ ಅವಕಾಶ ಕೊಡುವ ಆ ಪೂರಕ ಒಪ್ಪಂದಕ್ಕೆ ಭಾರತ ಸೇರಿಲ್ಲ. ಲಕ್ಷದ್ವೀಪದವರಿಗೆ ಉಳಿದಿರುವುದು ನಮ್ಮ ಕೋರ್ಟುಗಳೇ. ಹವಾಮಾನ ಬದಲಾವಣೆಯ ದುಷ್ಪರಿಣಾಮಗಳಿಂದ ರಕ್ಷಣೆ ಪಡೆಯುವುದು ಸಂವಿಧಾನದ 14 ಮತ್ತು 21ನೆಯ ವಿಧಿಗಳಲ್ಲಿ ಅಡಗಿರುವ ಹಕ್ಕು ಎಂದು ಸುಪ್ರೀಂ ಕೋರ್ಟ್ 2024ರಲ್ಲಿ ರಾಜಸ್ಥಾನದ ದೊರವಾಯನ ಹಕ್ಕಿಯ ಪ್ರಕರಣದಲ್ಲಿ ಹೇಳಿದೆ. ಹೇಗ್‌ನ ಅಭಿಪ್ರಾಯ ಇಲ್ಲಿ ಕೆಲಸಕ್ಕೆ ಬರಬೇಕಾದರೆ ನಮ್ಮ ವಕೀಲರೇ ಅದನ್ನು ಹೊತ್ತು ತರಬೇಕು.

ಒಟ್ಟಿನಲ್ಲಿ ಈ ಅಭಿಪ್ರಾಯವನ್ನು ಹೇಗೆ ತೂಗಬೇಕು? ತಪ್ಪು ಯಾವುದೆಂಬುದನ್ನು ಇಷ್ಟು ಸ್ಪಷ್ಟವಾಗಿ ಯಾವ ಅಂತಾರಾಷ್ಟ್ರೀಯ ಪೀಠವೂ ಹಿಂದೆ ಹೇಳಿರಲಿಲ್ಲ. ಬೆಲೆ ಯಾರು, ಎಷ್ಟು, ಯಾವಾಗಿನಿಂದ ತೆರಬೇಕೆಂಬಲ್ಲಿ ಅದು ಮೌನವಾಗಿದೆ, ಮತ್ತು ಆ ಮೌನವೇ ಒಮ್ಮತವನ್ನು ಕೊಂಡುಕೊಟ್ಟಿದೆ. ದ್ವೀಪಗಳ ಮಟ್ಟಿಗೆ ಅದು ನಷ್ಟದ ವ್ಯಾಪಾರವಲ್ಲ ಎಂಬುದು ನನ್ನ ಅಂದಾಜು. ಒಡೆದ ಪೀಠದ ದಿಟ್ಟ ಮಾತನ್ನು ದೊಡ್ಡ ದೇಶಗಳು ಭಿನ್ನಮತಗಳನ್ನು ಉದ್ಧರಿಸಿ ತಳ್ಳಿಹಾಕುತ್ತಿದ್ದವು. ಈಗ ಉದ್ಧರಿಸಲು ಅಂಥದೊಂದು ಮತವೂ ಇಲ್ಲ. ಆದರೆ ಈ ಲಾಭ ತಾನಾಗಿ ಕೈಸೇರುವುದಿಲ್ಲ. ಮುಂದಿನ ಹತ್ತು ವರ್ಷಗಳಲ್ಲಿ ಒಂದಾದರೂ ದ್ವೀಪರಾಷ್ಟ್ರ ಒಬ್ಬ ದೊಡ್ಡ ಹೊಗೆಗಾರನನ್ನು ಸಮುದ್ರ ಕಾನೂನಿನಡಿ ಪಂಚಾಯ್ತಿಗೆ ಕರೆದು, ಒಂದು ಚಂಡಮಾರುತದ ಬಿಲ್ಲನ್ನು ಅಂಕಿಯಲ್ಲಿ ಬರೆಸಿಕೊಂಡರೆ ಈ ಅಭಿಪ್ರಾಯ ಯಶಸ್ವಿ. ಯಾರೂ ಕರೆಯದಿದ್ದರೆ, ಕಾನೂನು ಕಾಲೇಜುಗಳ ಪಠ್ಯದಲ್ಲಿ ಅದಕ್ಕೊಂದು ಗೌರವದ ಜಾಗವಂತೂ ಇರುತ್ತದೆ. ವನುವಾಟುವಿನ ಆ ವಿದ್ಯಾರ್ಥಿಗಳು ಕೇಳಿದ್ದು ಅದನ್ನಲ್ಲ.